ಬರೆದುಕೊಟ್ಟ ಚೀಟಿಯ ಹಾದಿ: ಬೀರೂರು ಸೀಮೆಯ ರೋಗಿ ಮತ್ತು ಆಸ್ಪತ್ರೆ

ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕಾಯಿಲೆ ಕೈಮೀರಿದರೆ ‘ಶಿವಮೊಗ್ಗಕ್ಕೆ ಬರೆದುಕೊಟ್ಟರು’ ಎನ್ನುತ್ತಾರೆ. ಊರಿನ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ದಾವಣಗೆರೆ, ಕೊನೆಗೆ ಬೆಂಗಳೂರು. ಬೀರೂರಿನಿಂದ ಚಿಕ್ಕಮಗಳೂರಿಗೆ ಸುಮಾರು 45 ಕಿ.ಮೀ., ಶಿವಮೊಗ್ಗಕ್ಕೆ ಸುಮಾರು 60. ಒಂದೂಕಾಲು ಶತಮಾನದಲ್ಲಿ ಕಟ್ಟಡ, ಔಷಧಿ, ವಾಹನ, ಹಣಕಾಸಿನ ನೆರವು ಒಂದೊಂದಾಗಿ ಇಲ್ಲಿನ ರೋಗಿಯ ಹತ್ತಿರಕ್ಕೆ ಬಂದಿವೆ. ಎರಡು ಆಸ್ಪತ್ರೆಗಳ ನಡುವಿನ ಹಾದಿಯಲ್ಲಿ ಆ ರೋಗಿ ಯಾರ ಹೊಣೆ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಪ್ಲೇಗಿನಿಂದ ಔಷಧಾಲಯಕ್ಕೆ

ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಕಾಲವದು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಬೀರೂರು ಇರುವುದು ಅದೇ ಮಾರ್ಗದಲ್ಲಿ. ಪ್ರಯಾಣಿಕರ ತಪಾಸಣೆ, ಮನೆ ಖಾಲಿ ಮಾಡಿಸಿ ಊರ ಹೊರಗೆ ಗುಡಿಸಲು ಹಾಕಿಸುವುದು ಮೈಸೂರು ಸಂಸ್ಥಾನದ ಅಂದಿನ ಕ್ರಮಗಳು. ಆ ತಲೆಮಾರು ಸರ್ಕಾರಿ ವೈದ್ಯವನ್ನು ಮೊದಲು ಕಂಡದ್ದು ಕಟ್ಟಳೆಯ ರೂಪದಲ್ಲಿ.

1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಆರಂಭವಾಯಿತು. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಈ ಭಾಗದವರಿಗೆ ಕ್ರಮೇಣ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ‘ದೊಡ್ಡಾಸ್ಪತ್ರೆ’ಯಾಯಿತು. ಸಣ್ಣ ಊರುಗಳಲ್ಲಿದ್ದದ್ದು ಔಷಧಾಲಯ: ರೋಗಿ ಮನೆಯಿಂದ ಸೀಸೆ ತರಬೇಕು, ಕಾಂಪೌಂಡರ್ ಮಿಕ್ಸ್ಚರ್ ತುಂಬಿಸಿ ಕೊಡಬೇಕು. ತರೀಕೆರೆಯ ಮಲೆನಾಡು ಮಗ್ಗುಲಿನಲ್ಲಿ ಮಲೇರಿಯಾ ಹಳ್ಳಿಗಳನ್ನೇ ಬರಿದು ಮಾಡುತ್ತಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ 1920ರ ದಶಕದ ಕೊನೆಯಲ್ಲಿ ಕೈಗೊಂಡ ಮಲೇರಿಯಾ ಅಧ್ಯಯನದ ಕೇಂದ್ರಗಳಲ್ಲಿ ಇದೇ ಜಿಲ್ಲೆಯ ಮೂಡಿಗೆರೆಯೂ ಒಂದು. ಅಂದಿನ ಹೋರಾಟವೆಲ್ಲ ರೋಗದ ವಿರುದ್ಧ. ರೋಗಿಯ ಅನುಭವವನ್ನು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಕಟ್ಟಡಗಳು ಎದ್ದವು

ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ, ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬ ತತ್ವ ಕೊಟ್ಟಿತು. 1952ರಿಂದ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದವು. ಉಪಕೇಂದ್ರ, ಪ್ರಾಥಮಿಕ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಎಂಬ ಮೆಟ್ಟಿಲುಗಳು ಮೂಡಿದವು. 1996ರಿಂದ 2004ರವರೆಗೆ ವಿಶ್ವಬ್ಯಾಂಕ್ ನೆರವಿನ ಯೋಜನೆ ರಾಜ್ಯದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಕಟ್ಟಡ, ಉಪಕರಣಗಳನ್ನು ಸುಧಾರಿಸಿತು.

ಅಮೆರಿಕದ ವೈದ್ಯ ಅವೆಡಿಸ್ ಡೊನಬೀಡಿಯನ್ 1966ರಲ್ಲೇ ಆಸ್ಪತ್ರೆಯ ಗುಣಮಟ್ಟವನ್ನು ಮೂರು ನೆಲೆಗಳಲ್ಲಿ ಅಳೆಯಬೇಕು ಎಂದಿದ್ದರು: ಏನಿದೆ, ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ನಮ್ಮಲ್ಲಿ ದಶಕಗಳ ಕಾಲ ಲೆಕ್ಕ ಸಿಕ್ಕಿದ್ದು ಮೊದಲನೆಯದಕ್ಕೆ ಮಾತ್ರ. 2001ರಲ್ಲಿ ಡಾ. ಎಚ್. ಸುದರ್ಶನ್ ನೇತೃತ್ವದ ಕಾರ್ಯಪಡೆ ಆರೋಗ್ಯ ವ್ಯವಸ್ಥೆಯೊಳಗಿನ ಭ್ರಷ್ಟಾಚಾರವನ್ನು ಬಿಚ್ಚಿ ಹೇಳಿದ ಮೇಲೆ ಉಳಿದೆರಡರ ಮಾತು ಶುರುವಾಯಿತು.

ಬಾಣಂತಿ ತೋರಿಸಿದ ದಾರಿ

ದೊಡ್ಡ ಬದಲಾವಣೆ ಬಂದದ್ದು ಹೆರಿಗೆಯಲ್ಲಿ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ತಂದಿತು. ಕಡೂರು, ಅಜ್ಜಂಪುರದ ಬಯಲಿನ ತಾಂಡಾ, ಗೊಲ್ಲರಹಟ್ಟಿಗಳಲ್ಲಿ ಬಸುರಿಯ ಮನೆಬಾಗಿಲಿಗೆ ಹೋಗಿ, ತಪಾಸಣೆಯ ದಿನ ನೆನಪಿಸಿ, ನೋವು ಬಂದಾಗ ಜೊತೆಗೆ ಹೊರಡುವವರು ಇವರೇ. ತಾಯಿ ಕಾರ್ಡಿನಲ್ಲಿ ರಕ್ತದ ಪ್ರಮಾಣ, ಬಿ.ಪಿ., ಚುಚ್ಚುಮದ್ದಿನ ವಿವರ ಬಸುರಿಯ ಜೊತೆಯಲ್ಲೇ ಉಪಕೇಂದ್ರದಿಂದ ಆಸ್ಪತ್ರೆಗೆ ಹೋಗುತ್ತದೆ. 2007ರಲ್ಲಿ ಬಾಣಂತಿ-ಮಗುವಿಗೆ ಬೇಕಾದ ವಸ್ತುಗಳ ಮಡಿಲು ಕಿಟ್, 2008ರ ನವೆಂಬರ್ 1ರಿಂದ 108 ಆರೋಗ್ಯ ಕವಚ ಆಂಬುಲೆನ್ಸ್, ಆಮೇಲೆ ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನ.

ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಗಳು 2005–06ರಲ್ಲಿ ನೂರಕ್ಕೆ ಸುಮಾರು 65 ಇದ್ದದ್ದು 2019–20ರ ಹೊತ್ತಿಗೆ 97 ಆದವು. ಲಕ್ಷ ಜೀವಂತ ಜನನಗಳಿಗೆ 213 ಇದ್ದ ತಾಯಂದಿರ ಸಾವು (2004–06) 69ಕ್ಕೆ ಇಳಿಯಿತು (2018–20). ಈ ಇಳಿಕೆಗೆ ಕಾರಣಗಳು ಹಲವು. ಆದರೆ ಮನೆಯಿಂದ ಹೆರಿಗೆ ವಾರ್ಡಿಗೆ, ವಾರ್ಡಿನಿಂದ ಮನೆಗೆ, ಪ್ರತಿ ಹೆಜ್ಜೆಗೂ ಒಬ್ಬರು ಹೊಣೆಗಾರರು ಇದ್ದದ್ದು ಬೇರೆ ಯಾವ ಕಾಯಿಲೆಯ ರೋಗಿಗೂ ಸಿಗದ ಭಾಗ್ಯ. ಹೆರಿಗೆ ಕೋಣೆಯ ಗದರಿಕೆಯೂ ಚಿಕಿತ್ಸೆಯ ದೋಷವೇ ಎಂಬ ಅರಿವು ತಡವಾಗಿ ಬಂತು; 2017ರ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ನಡವಳಿಕೆಯನ್ನೂ ಹೆರಿಗೆಯ ವೇಳೆ ಮನೆಯವರೊಬ್ಬರು ಜೊತೆಗಿರುವುದನ್ನೂ ಗುಣಮಟ್ಟದ ಭಾಗವಾಗಿಸಿತು.

ಹಣ ಮತ್ತು ಹಕ್ಕು

ಶಸ್ತ್ರಚಿಕಿತ್ಸೆಯೆಂದರೆ ಅಡಿಕೆ, ತೆಂಗಿನ ಫಸಲನ್ನು ಮುಂಚೆಯೇ ಮಾರುವುದು ಎಂಬ ಸ್ಥಿತಿಯನ್ನು 2003ರ ಯಶಸ್ವಿನಿ ಆರೋಗ್ಯ ಯೋಜನೆ ಸ್ವಲ್ಪ ಸಡಿಲಿಸಿತು. ಸಹಕಾರ ಸಂಘದ ಸದಸ್ಯ ರೈತ ಆರಂಭದಲ್ಲಿ ಕಟ್ಟುತ್ತಿದ್ದದ್ದು ತಿಂಗಳಿಗೆ 5 ರೂಪಾಯಿ. 2018ರಲ್ಲಿ ನಿಂತ ಈ ಯೋಜನೆ 2022ರಲ್ಲಿ ಮರುಜೀವ ಪಡೆಯಿತು. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲೇ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸಿತು. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಇದು ಸಿಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಹೀಗೆ ‘ಬರೆದುಕೊಟ್ಟ ಚೀಟಿ’ಗೆ ಹಣದ ಬೆಲೆಯೂ ಬಂತು.

ಹಕ್ಕುಗಳನ್ನು ಮೊದಲು ಗಟ್ಟಿ ಮಾಡಿದ್ದು ನ್ಯಾಯಾಲಯ. ತುರ್ತು ಸ್ಥಿತಿಯ ರೋಗಿಯನ್ನು ಯಾವ ವೈದ್ಯರೂ ಹಿಂದಕ್ಕೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. 1995ರಲ್ಲಿ ಹಣ ಪಡೆದು ಕೊಡುವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆ ಅದರಿಂದ ಹೊರಗುಳಿಯಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿ, ವೈದ್ಯರ ಮುಷ್ಕರದ ನಡುವೆಯೂ, ರೋಗಿಗಳ ಹಕ್ಕುಗಳ ಸನ್ನದನ್ನು ಬಲಪಡಿಸಿತು. ಬಡ ರೋಗಿ ನೆಚ್ಚಿಕೊಂಡ ಸರ್ಕಾರಿ ಆಸ್ಪತ್ರೆಯಲ್ಲಿ ಅಹವಾಲಿಗಿರುವ ಜಾಗ ಆರೋಗ್ಯ ರಕ್ಷಾ ಸಮಿತಿ, 104 ಸಹಾಯವಾಣಿ. ರೋಗಿಯ ಅನುಭವವನ್ನು ಕೇಳುವುದೂ ಒಂದು ದಾರಿ. ಅಮೆರಿಕದಲ್ಲಿ 2008ರಿಂದ ಆಸ್ಪತ್ರೆಗಳ ಬಗ್ಗೆ ‘ವೈದ್ಯರು ನಿಮಗೆ ಅರ್ಥವಾಗುವಂತೆ ವಿವರಿಸಿದರೆ?’ ಎಂಬಂಥ ಪ್ರಶ್ನೆಗಳಿಗೆ ರೋಗಿಗಳು ಕೊಟ್ಟ ಉತ್ತರವನ್ನು ಬಹಿರಂಗಪಡಿಸಲಾಗುತ್ತಿದೆ. ನಮ್ಮಲ್ಲೂ 2016ರಲ್ಲಿ ‘ಮೇರಾ ಅಸ್ಪತಾಲ್’ ಹೆಸರಿನಲ್ಲಿ ಫೋನ್, ಎಸ್ಸೆಮ್ಮೆಸ್ ಮೂಲಕ ರೋಗಿಗಳ ಅಭಿಪ್ರಾಯ ಕೇಳುವ ಕೆಲಸ ಶುರುವಾಯಿತು. ಆದರೂ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಹಕ್ಕುಗಳ ಫಲಕ ನೇತಾಡುವುದೇ ಬೇರೆ, ಅದನ್ನು ತೋರಿಸಿ ಕೇಳುವ ಧೈರ್ಯ ರೋಗಿಗೆ ಬರುವುದೇ ಬೇರೆ.

ಉಳಿದಿರುವ ಹಾದಿ

ಈಗ ತಾಲ್ಲೂಕು ಮಟ್ಟದಲ್ಲಿ ಡಯಾಲಿಸಿಸ್ ಇದೆ, ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆದರೆ ಪಾರ್ಶ್ವವಾಯು ಹೊಡೆದ ಅಪ್ಪನನ್ನು ಕರೆದುಕೊಂಡು ಹೊರಟ ಮಗನ ಕೈಯಲ್ಲಿ ಇರುವುದು ಸಾಮಾನ್ಯವಾಗಿ ಅವನಿಗೆ ಓದಲಾಗದ ಇಂಗ್ಲಿಷಿನ ಎರಡು ಸಾಲು. ಮೇಲಿನ ಆಸ್ಪತ್ರೆಯಲ್ಲಿ ಮತ್ತೆ ಚೀಟಿ ಮಾಡಿಸಬೇಕು, ಮತ್ತೆ ರಕ್ತ ಪರೀಕ್ಷೆ, ಮತ್ತೆ ಮೊದಲಿನಿಂದ ಕಥೆ. ಪರಿಣತಿ ಇಲ್ಲದಾಗ ಮುಂದಕ್ಕೆ ಕಳಿಸುವುದು ಸರಿಯಾದ ವೈದ್ಯಕೀಯವೇ. ಮುಂದಿನವರಿಗೆ ತಿಳಿಸದೆ ಕಳಿಸುವುದು ಮಾತ್ರ ರೋಗಿಯನ್ನು ನಡುದಾರಿಯಲ್ಲಿ ಬಿಟ್ಟಂತೆ.

ಇದಕ್ಕೆ ಮದ್ದು ಇದೆ ಎಂಬುದನ್ನು ಎರಡು ಪ್ರಯೋಗಗಳು ತೋರಿಸಿವೆ. ಒಂದು ತಾಯಿ ಕಾರ್ಡು. ಇನ್ನೊಂದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಓದುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲಿಯೇ ಉಚಿತವಾಗಿ ಸಿಗುತ್ತದೆ, ಆಮೇಲೆ ರೋಗಿ ದೊಡ್ಡಾಸ್ಪತ್ರೆಗೆ ಹೊರಡುತ್ತಾನೆ. ಹೀಗೆ ಎರಡೂ ಆಸ್ಪತ್ರೆಗಳು ಒಬ್ಬನೇ ರೋಗಿಯನ್ನು ಒಟ್ಟಿಗೆ ನೋಡುತ್ತವೆ.

ಇದೇ ಕ್ರಮ ಪಾರ್ಶ್ವವಾಯು, ಅಪಘಾತ, ಹಾವು ಕಡಿತ, ಮೂತ್ರಪಿಂಡದ ಕಾಯಿಲೆಗಳಿಗೂ ಬರಬೇಕು. ಆಂಬುಲೆನ್ಸ್ ಹೊರಡುವ ಮೊದಲು ಮುಂದಿನ ವೈದ್ಯರಿಗೆ ಒಂದು ಫೋನ್. ಏನಾಗಿದೆ, ಏನು ಕೊಟ್ಟಿದ್ದೇವೆ, ಯಾಕೆ ಕಳಿಸುತ್ತಿದ್ದೇವೆ ಎಂದು ಜೊತೆಗೆ ಬಂದವರಿಗೆ ಕನ್ನಡದಲ್ಲಿ ಬರೆದ ಒಂದು ಹಾಳೆ. ಗುಣವಾಗಿ ಮರಳುವವರ ಮುಂದಿನ ಮಾತ್ರೆ, ತಪಾಸಣೆಯ ವಿವರ ಬೀರೂರು, ಅಜ್ಜಂಪುರದ ವೈದ್ಯರಿಗೂ ತಲುಪುವ ಏರ್ಪಾಡು. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಪೇಂಟು, ಕುರ್ಚಿಯ ಖರ್ಚಿಗಿಂತ ಮೊದಲು, ಹಿಂದಿನ ತಿಂಗಳು ಬರೆದುಕೊಟ್ಟು ಕಳಿಸಿದವರೆಲ್ಲ ಏನಾದರು ಎಂಬ ಲೆಕ್ಕ. ಬಾಣಂತಿಗಾಗಿ ಇಷ್ಟನ್ನೂ ಮಾಡಿ ಗೆದ್ದ ವ್ಯವಸ್ಥೆ ಉಳಿದ ರೋಗಿಗಳಿಗೂ ಮಾಡಬಲ್ಲದು. ಮಾಡಿ ಎಂದು ಒತ್ತಾಯಿಸುವ ಹಕ್ಕು ಈ ನಾಲ್ಕೂ ಊರಿನ ಜನರಿಗಿದೆ.