ಎತ್ತಿದ ಕೈ, ಬಿದ್ದ ಪೆಟ್ಟು: ಮಂಜರಾಬಾದ್ ಸೀಮೆಯಲ್ಲಿ ಹಲ್ಲೆಯ ಕಾನೂನು

ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯಲ್ಲಿ ಹೊಡೆಯುವಂತೆ ಕೈ ಎತ್ತಿ ಹೆದರಿಸುವುದು ಒಂದು ಅಪರಾಧ, ಅಸಾಲ್ಟ್. ಆ ಕೈ ಮೈಮೇಲೆ ಬಿದ್ದರೆ ಬೇರೊಂದು, ಬ್ಯಾಟರಿ. ಮೆಕಾಲೆಯ ಕಾನೂನು ಆಯೋಗದ 1837ರ ಕರಡು ತಿದ್ದುಪಡಿಗಳೊಡನೆ 1860ರಲ್ಲಿ ಭಾರತೀಯ ದಂಡ ಸಂಹಿತೆಯಾದಾಗ ಬ್ಯಾಟರಿ ಎಂಬ ಹೆಸರಿಗೆ ಅದರಲ್ಲಿ ಜಾಗ ಸಿಗಲಿಲ್ಲ. ಮೈಗೆ ತಾಗಿದ್ದೆಲ್ಲ ಅಪರಾಧಿಕ ಬಲಪ್ರಯೋಗ, ಗಾಯ, ತೀವ್ರ ಗಾಯ ಎಂದು ಹಂಚಿಹೋಯಿತು. ಕಮಿಷನರ್ ಆಳ್ವಿಕೆಯಲ್ಲಿದ್ದ ಮೈಸೂರಿಗೂ ಈ ಸಂಹಿತೆ ಬಂತು.

ಘಟ್ಟದಂಚಿನ ಊರು ಬಿಸಿಲೆಯಿರುವ ಸಕಲೇಶಪುರ ತಾಲ್ಲೂಕು ಆಗ ಮೈಸೂರಿನ ಮಂಜರಾಬಾದ್. ಅಲ್ಲಿ ಯುರೋಪಿಯನ್ನರ ಕಾಫಿ ತೋಟಗಳು 1840ರ ದಶಕದಲ್ಲೇ ಶುರುವಾಗಿದ್ದವು. ಆ ಯುರೋಪಿಯನ್ನರಲ್ಲೊಬ್ಬನಾದ ರಾಬರ್ಟ್ ಎಲಿಯಟ್ 1856ರಲ್ಲಿ ತೋಟ ಹಾಕಿದ. ದೊರೆ, ರೈಟರ್, ಮೇಸ್ತ್ರಿ, ಅವರೆಲ್ಲರ ಕೆಳಗೆ ಮುಂಗಡ ಪಡೆದು ಬಂದ ಆಳು: ಎಸ್ಟೇಟಿನ ಈ ಏಣಿಯಲ್ಲಿ ಪೆಟ್ಟಿಗಿಂತ ಮೊದಲು ಕೆಲಸ ಮಾಡುವುದು ಪೆಟ್ಟಿನ ಭಯ. ಸಂಹಿತೆಯ 351ನೇ ಕಲಮು ಆ ಭಯವನ್ನೇ ಹಿಡಿಯಿತು. ಕೋಲೆತ್ತಿ ‘ಈಗ ಬಾರಿಸ್ತೀನಿ’ ಎಂದರೆ, ಕೋಲು ತಾಗದಿದ್ದರೂ ಹಲ್ಲೆ. ಬರಿಯ ಬೈಗುಳ ಹಲ್ಲೆಯಲ್ಲ. ಆದರೆ ಕೈಸನ್ನೆಯ ಅರ್ಥವನ್ನು ಮಾತು ನಿರ್ಧರಿಸಬಲ್ಲದು. ಕಚ್ಚುವ ನಾಯಿಯ ಬಾಯಿಕುಕ್ಕೆ ಬಿಚ್ಚತೊಡಗಿದರೂ ಹಲ್ಲೆಯೇ. ಹೆದರಿಕೆಯೂ ಹಾನಿಯೆಂದು ಕಾನೂನು ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ನಾಯಿಯನ್ನು ಛೂ ಬಿಟ್ಟರೆ, ಕಲ್ಲೆಸೆದು ತಾಗಿಸಿದರೆ, ಬೇಕೆಂದೇ ತಳ್ಳಿದರೆ ಅದು ಬಲಪ್ರಯೋಗ. ಪಲ್ಲಕ್ಕಿಯ ಕೊಂಬು ಹಿಡಿದು ಒಳಗೆ ಕೂತವರನ್ನು ತಡೆಯುವುದನ್ನೂ ಸಂಹಿತೆ ಇದಕ್ಕೆ ಉದಾಹರಣೆಯಾಗಿ ಕೊಟ್ಟಿತ್ತು. ಬಲಪ್ರಯೋಗಕ್ಕೂ ಹಲ್ಲೆಗೂ ಅದರಲ್ಲಿ ಒಂದೇ ಶಿಕ್ಷೆಯಿತ್ತು: ಗರಿಷ್ಠ ಮೂರು ತಿಂಗಳ ಸೆರೆ, 500 ರೂಪಾಯಿ ದಂಡ, ಅಥವಾ ಎರಡೂ. ಮೈ ನೊಂದರೆ ಒಂದು ವರ್ಷದವರೆಗೆ. ಮೂಳೆ ಮುರಿದರೆ, ಕಣ್ಣು ಹೋದರೆ ಏಳು ವರ್ಷದವರೆಗೆ. ಪತ್ರಿಕೆಗಳು ಹಲ್ಲೆ ಎಂದು ಬರೆಯುವ ಹೊಡೆದಾಟ ಬಹುಪಾಲು ಈ ಗಾಯದ ಕಲಮುಗಳಿಗೇ ಸೇರುತ್ತದೆ.

ಬಡವರಿಗೆ ತೊಡಕಾದದ್ದು ವಿಚಾರಣೆಯ ದಾರಿ. ಸಾಮಾನ್ಯ ಹಲ್ಲೆಯಾಗಲಿ ಸಾದಾ ಗಾಯವಾಗಲಿ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಘಟ್ಟದಂಚಿನ ಬಿಸಿಲೆಯಿಂದ ಸಕಲೇಶಪುರದ ನ್ಯಾಯಾಲಯಕ್ಕೆ ಹೋಗಿಬರುವುದೆಂದರೆ ಆ ದಿನದ ಕೂಲಿ ಬಿಟ್ಟಂತೆಯೇ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಹಲ್ಲೆ ಮಾತ್ರ ಬೇರೆ: ಅದರಲ್ಲಿ ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದು, 2013ರ ತಿದ್ದುಪಡಿಯ ನಂತರ ಕನಿಷ್ಠ ಒಂದು ವರ್ಷ ಸೆರೆಯೂ ಇದೆ.

2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಲ್ಲೆಯ ವ್ಯಾಖ್ಯೆ 130ನೇ ಕಲಮಿಗೆ ಹೋಯಿತು, ದಂಡ 1,000 ರೂಪಾಯಿಗೆ ಏರಿತು. ಇಪ್ಪತ್ತು ದಿನ ತೀವ್ರವಾಗಿ ನರಳಿದರೆ ತೀವ್ರ ಗಾಯವೆಂದಿದ್ದ ಅಳತೆ ಈಗ ಹದಿನೈದು ದಿನ.