ಹಗ್ಗದ ಪಾಡು: 1953ರ ಬಳ್ಳಾರಿ ಮತ್ತು ನಮ್ಮ ಮದ್ರಾಸು

ಎರಡು ವಿರುದ್ಧ ಸೆಳೆತಗಳ ನಡುವೆ ಸಿಕ್ಕವರ ಸ್ಥಿತಿ ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಉಭಯಸಂಕಟ, ಡೋಲಾಯಮಾನ, ಹಗ್ಗಜಗ್ಗಾಟ, ಅತ್ತ ದರಿ ಇತ್ತ ಪುಲಿ. ಇವುಗಳಲ್ಲಿ ನನಗೆ ಹಗ್ಗಜಗ್ಗಾಟವೇ ಇಷ್ಟ. ಎಂಜಿನಿಯರಿಂಗ್ ಓದಿದ ಬುದ್ಧಿ, ಅದರಲ್ಲಿ ಭೌತಶಾಸ್ತ್ರ ಕಾಣುತ್ತದೆ. ಎರಡೂ ತಂಡಗಳು ಸಮಬಲದಿಂದ ಎಳೆದಾಗ ಹಗ್ಗ ಒಂದಿಂಚೂ ಕದಲುವುದಿಲ್ಲ. ನೋಡುವವರಿಗೆ ಏನೂ ಆಗುತ್ತಿಲ್ಲ ಅನಿಸುತ್ತದೆ. ನಿವ್ವಳ ಬಲ ಸೊನ್ನೆ. ಆದರೆ ಹಗ್ಗದೊಳಗಿನ ಬಿಗಿತ ಸೊನ್ನೆಯಲ್ಲ, ಒಂದು ತಂಡದ ಪೂರ್ತಿ ಬಲದಷ್ಟು ಇರುತ್ತದೆ. ಆಟ ಮುಗಿದ ಮೇಲೆ ಗೆದ್ದವರು ಯಾರು ಎಂದು ಎಲ್ಲರೂ ಕೇಳುತ್ತಾರೆ, ಹಗ್ಗ ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

1952-53ರಲ್ಲಿ ಹೀಗೆ ಹಗ್ಗವಾದ ಊರುಗಳು ಎರಡು. ಒಂದು ನಾವೀಗ ಬದುಕುತ್ತಿರುವ ಚೆನ್ನೈ. ಇನ್ನೊಂದು ಬಳ್ಳಾರಿ. ಮೊದಲನೆಯದರ ಕಥೆ ಇಲ್ಲಿನ ಆಟೋ ಚಾಲಕರಿಗೂ ಗೊತ್ತು. ಎರಡನೆಯದು ಚೆನ್ನೈ ಕನ್ನಡಿಗರಾದ ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. ಎರಡೂ ಒಂದೇ ಕಾಯಿದೆಯ ಮಕ್ಕಳು.

ಮೌಂಟ್ ರೋಡಿನಲ್ಲಿ ಹೋಗುವಾಗ ಕುದುರೆ ಮೇಲೆ ಕುಳಿತ ಥಾಮಸ್ ಮನ್ರೋ ಪ್ರತಿಮೆಯನ್ನು ನೀವೆಲ್ಲ ನೋಡಿರುತ್ತೀರಿ. ಕಾಲಿಗೆ ರಿಕಾಪು ಇಲ್ಲ ಎಂದು ಮಕ್ಕಳಿಗೆ ತೋರಿಸುತ್ತೇವಲ್ಲ, ಅದೇ. ನಿಜಾಮ 1800ರಲ್ಲಿ ಬಳ್ಳಾರಿ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಆ ದತ್ತ ಮಂಡಲಗಳಿಗೆ ಮೊದಲ ಪ್ರಧಾನ ಕಲೆಕ್ಟರ್ ಆಗಿ ಹೋದವನು ಈ ಮನ್ರೋ. ಅಲ್ಲಿಂದ 1953ರವರೆಗೆ, ಒಂದೂವರೆ ಶತಮಾನ, ಬಳ್ಳಾರಿಯ ಹುಕುಂ ಎಲ್ಲ ಮದ್ರಾಸಿನಿಂದಲೇ. ಕಂದಾಯ ಮದ್ರಾಸಿಗೆ, ಅಪೀಲು ಮದ್ರಾಸ್ ಹೈಕೋರ್ಟಿಗೆ. ಬಳ್ಳಾರಿಯಲ್ಲಿ 1945ರಲ್ಲಿ ಶುರುವಾದ ವೀರಶೈವ ಕಾಲೇಜು ಕೂಡ ಮದ್ರಾಸ್ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಹಂಪಿ ಇರುವ ಹೊಸಪೇಟೆ ತಾಲೂಕು ಮದ್ರಾಸ್ ಪ್ರಾಂತ್ಯದಲ್ಲಿತ್ತು ಎಂದರೆ ನನ್ನ ಆಫೀಸಿನ ತಮಿಳು ಗೆಳತಿಯರು ನಂಬುವುದಿಲ್ಲ, ಮ್ಯಾಪ್ ತೆಗೆದು ತೋರಿಸಬೇಕಾಗುತ್ತದೆ.

ತೆಲುಗರು ಪ್ರತ್ಯೇಕ ರಾಜ್ಯ ಕೇಳಿದಾಗ ಮೊದಲ ಜಗ್ಗಾಟ ಮದ್ರಾಸ್ ನಗರಕ್ಕಾಗಿಯೇ. 'ಮದ್ರಾಸ್ ಮನದೇ' ಎಂದು ಅವರು, ತಲೆ ಕೊಟ್ಟಾದರೂ ರಾಜಧಾನಿ ಉಳಿಸಿಕೊಳ್ಳುತ್ತೇವೆ ಎಂದು ಮ.ಪೊ. ಶಿವಜ್ಞಾನಂ ಅವರ ಕಡೆಯವರು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿ 1949ರಲ್ಲೇ, ಮದ್ರಾಸಿನ ಆಸೆ ಬಿಟ್ಟರೆ ಆಂಧ್ರ ಸಿಗಬಹುದು ಎಂದಿತ್ತು. ಪೊಟ್ಟಿ ಶ್ರೀರಾಮುಲು 1952ರ ಅಕ್ಟೋಬರ್ 19ರಂದು ಉಪವಾಸ ಕುಳಿತದ್ದು ಮೈಲಾಪುರದ ಬುಲುಸು ಸಾಂಬಮೂರ್ತಿಯವರ ಮನೆಯಲ್ಲಿ. ಡಿಸೆಂಬರ್ 15ರ ರಾತ್ರಿ ತೀರಿಕೊಂಡರು. ರಾಯಪೇಟ್ಟಾ ಹೈರೋಡಿನ ಆ ಮನೆ ಈಗ ಸ್ಮಾರಕ. ನಾಲ್ಕು ದಿನಕ್ಕೆ ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ಗಡಿ ಮತ್ತು ಹಣಕಾಸಿನ ವಿಚಾರ ನೋಡಲು ನ್ಯಾಯಮೂರ್ತಿ ವಾಂಛೂ ಬಂದರು. ಆಂಧ್ರಕ್ಕೆ ಮದ್ರಾಸು ತಾತ್ಕಾಲಿಕ ರಾಜಧಾನಿಯಾಗಿಯೂ ಸಿಗಲಿಲ್ಲ, ಕರ್ನೂಲಿಗೆ ಹೋದರು. ನಗರದ ಸುತ್ತಲೂ ತಮಿಳು ನಾಡೇ ಇದ್ದದ್ದರಿಂದ ಮದ್ರಾಸಿನ ಹಗ್ಗ ಒಂದು ಕಡೆಗೆ ಬೇಗ ಜಾರಿತು ಎಂಬುದು ನನ್ನ ಲೆಕ್ಕ.

ಬಳ್ಳಾರಿಗೆ ಆ ಅನುಕೂಲ ಇರಲಿಲ್ಲ. ಪಶ್ಚಿಮಕ್ಕೆ ಹೋದರೆ ಕನ್ನಡ ದಟ್ಟ, ಪೂರ್ವಕ್ಕೆ ಹೋದರೆ ತೆಲುಗು ದಟ್ಟ, ಊರೊಳಗೆ ಕನ್ನಡ, ತೆಲುಗು, ಉರ್ದು ಮೂರೂ ಕಲಸಿದ ಅನ್ನ. ಜಿಲ್ಲೆಯನ್ನು ತಾಲೂಕು ತಾಲೂಕಾಗಿ ಬಿಡಿಸಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ. ಬಳ್ಳಾರಿ ತಾಲೂಕೊಂದು ಮಾತ್ರ ನಡುವೆ ಉಳಿಯಿತು. ಅದಕ್ಕೆಂದೇ 1953ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ನೇಮಿಸಿದರು. ಒಂದು ತಾಲೂಕಿಗೆ ಒಂದು ಆಯೋಗ!

ವಾದದ ಬುಡದಲ್ಲಿದ್ದದ್ದು ಜನಗಣತಿಯ ಮಾತೃಭಾಷೆ. ಡೇಟಾಬೇಸ್ ಕೆಲಸ ಮಾಡುವ ನನಗೆ ಇಲ್ಲೇ ಕೊಕ್ಕೆ ಕಾಣುವುದು. ಆ ಕಾಲಂ ಒಂದೇ ಮೌಲ್ಯ ಒಪ್ಪುತ್ತದೆ. ಬಳ್ಳಾರಿಯವರು ಒಂದೇ ಮೌಲ್ಯದ ಜನವಲ್ಲ. ಊರಿನ ಹೆಸರನ್ನೇ ಹೊತ್ತ ನಟ ಬಳ್ಳಾರಿ ರಾಘವ ಅವರನ್ನು ತೆಗೆದುಕೊಳ್ಳಿ. ವೃತ್ತಿಯಲ್ಲಿ ವಕೀಲರು, ತೆಲುಗು ರಂಗಭೂಮಿಯ ದೊಡ್ಡ ಹೆಸರು, ಕನ್ನಡ ನಾಟಕಗಳಲ್ಲೂ ಅಭಿನಯಿಸಿದವರು. ಸ್ತ್ರೀ ಪಾತ್ರಗಳನ್ನು ಹೆಂಗಸರೇ ಮಾಡಲಿ ಎಂದು ಆ ಕಾಲದಲ್ಲೇ ಪ್ರೋತ್ಸಾಹಿಸಿದವರು ಎಂಬುದನ್ನು ನಮ್ಮ ವೇದಿಕೆಯಲ್ಲಿ ನೆನೆಯದೆ ಇರಲಾರೆ. 1946ರಲ್ಲಿ ತೀರಿಕೊಂಡ ಅವರು ಆ ಗಣತಿಗೆ ಸಿಗಲಿಲ್ಲ. ಸಿಕ್ಕಿದ್ದರೆ ಒಂದು ಕಾಲಂ ಅವರ ಅರ್ಧ ಬದುಕನ್ನು ಬಿಟ್ಟುಬಿಡುತ್ತಿತ್ತು. ಇಂಥ ಮನೆಗಳು ಆ ಊರಿನಲ್ಲಿ ಎಷ್ಟೋ.

ಮಿಶ್ರಾ ಎಲ್ಲ ಮಗ್ಗುಲುಗಳಿಂದ ನೋಡಿ ತಾಲೂಕು ಮೈಸೂರಿಗೆ ಸೇರಲಿ ಎಂದರು. 1953ರ ಅಕ್ಟೋಬರ್ 1, ಅತ್ತ ಕರ್ನೂಲಿನಲ್ಲಿ ಆಂಧ್ರದ ಉದ್ಘಾಟನೆ, ಇತ್ತ ಬಳ್ಳಾರಿಯಲ್ಲಿ ಮೈಸೂರಿನ ಸ್ವಾಗತ. ಆಗ ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಆ ಹಬ್ಬಕ್ಕೆ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದವರು ಪೈಲ್ವಾನ್ ರಂಜಾನ್ ಸಾಬ್. ಅವರ ಮೇಲೆ ಆಸಿಡ್ ತುಂಬಿದ ಬಲ್ಬ್ ಎಸೆದರು. ಆ ಗಾಯಗಳಿಂದಲೇ ಅವರು ಪ್ರಾಣ ಬಿಟ್ಟರು. ಏಕೀಕರಣಕ್ಕಾಗಿ ಸತ್ತವರ ಹೆಸರು ಕೇಳಿದರೆ ನವೆಂಬರ್ ಭಾಷಣಗಳಲ್ಲಿ ಈ ಹೆಸರು ಎಷ್ಟು ಸಲ ಬರುತ್ತದೆ, ನೀವೇ ಯೋಚಿಸಿ.

ಜಗ್ಗಾಟ ಅಲ್ಲಿಗೂ ನಿಲ್ಲಲಿಲ್ಲ. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಾಗ ಬಳ್ಳಾರಿಯವರಿಗೆ ಸಿಡಿಲು ಬಡಿದಂತಾಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಿ ಎಂಬ ಶಿಫಾರಸು! ಕಾರಣ ಭಾಷೆಗಿಂತ ಹೆಚ್ಚಾಗಿ ನೀರು. ಮದ್ರಾಸು ಮತ್ತು ಹೈದರಾಬಾದು 1945ರಲ್ಲಿ ಜಂಟಿಯಾಗಿ ಶುರುಮಾಡಿದ ತುಂಗಭದ್ರಾ ಅಣೆಕಟ್ಟು ಹೊಸಪೇಟೆ ಪಕ್ಕದಲ್ಲಿದೆ, ಅದರ ಬಲದಂಡೆಯ ನೀರು ಬಳ್ಳಾರಿಯ ಹೊಲ ದಾಟಿ ಆಂಧ್ರದ ಬರಸೀಮೆಗೆ ಹೋಗಬೇಕು. ಎರಡು ವರ್ಷಗಳಲ್ಲಿ ಎರಡು ತೀರ್ಪು, ಎರಡೂ ಒಂದಕ್ಕೊಂದು ವಿರುದ್ಧ. ಮತ್ತೆ ಸಭೆ, ಮತ್ತೆ ಮೆರವಣಿಗೆ, ಮತ್ತೆ ದೆಹಲಿಗೆ ನಿಯೋಗ. ಕೇಂದ್ರ ಆ ಶಿಫಾರಸನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಬಳ್ಳಾರಿ ವಿಶಾಲ ಮೈಸೂರಿನಲ್ಲೇ ಉಳಿಯಿತು. ನೀರಿನ ಹಂಚಿಕೆಗೆ ತುಂಗಭದ್ರಾ ಮಂಡಳಿ ಇದೆ, ಇಂದಿಗೂ ಕೆಲಸ ಮಾಡುತ್ತಿದೆ. ಅಂದರೆ ನೀರಿಗಾಗಿ ಊರನ್ನೇ ಎಳೆಯಬೇಕಿರಲಿಲ್ಲ. ಅದೇ ದಿನ ಮದ್ರಾಸಿನ ಕೈಯಲ್ಲಿದ್ದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮೈಸೂರಿಗೆ ಬಂದವು, ಕಾಸರಗೋಡು ಕೇರಳಕ್ಕೆ ಹೋಯಿತು. ಕಾಸರಗೋಡಿನದು ಇನ್ನೊಂದು ಹಗ್ಗ, ಇನ್ನೊಂದು ಲೇಖನ.

ನನ್ನ ಅಜ್ಜಿಯ ತವರು ಆದೋನಿ ತಾಲೂಕಿನ ಒಂದು ಹಳ್ಳಿ, ಗಂಡನ ಮನೆ ಬಳ್ಳಾರಿ. ಮದುವೆಯಾದಾಗ ಎರಡೂ ಒಂದೇ ಜಿಲ್ಲೆ. 1953ರ ಅಕ್ಟೋಬರ್ 1ರ ಬೆಳಿಗ್ಗೆ ಅಜ್ಜಿ ಇದ್ದಲ್ಲೇ ಇದ್ದಳು, ತವರು ಬೇರೆ ರಾಜ್ಯವಾಗಿತ್ತು. ತವರು ಮತ್ತು ಗಂಡನ ಮನೆ ನಡುವಿನ ಎಳೆತ ಹೆಣ್ಣುಮಕ್ಕಳಿಗೆ ಹೊಸದಲ್ಲ, ಸರ್ಕಾರವೇ ಬಂದು ನಡುವೆ ಗೆರೆ ಎಳೆದದ್ದು ಹೊಸದು. ಆಯೋಗದ ಮುಂದೆ ವಾದಿಸಿದ ವಕೀಲರ, ಮುಖಂಡರ ಹೆಸರು ಪುಸ್ತಕಗಳಲ್ಲಿ ಸಿಗುತ್ತವೆ. ಗಡಿಯಾಚೆ ಮಗಳನ್ನು ಕೊಟ್ಟ, ತಂದುಕೊಂಡ ಮನೆಗಳ ಹೆಂಗಸರನ್ನು ಏನು ಕೇಳಿದರು ಎಂದು ಹುಡುಕುತ್ತಲೇ ಇದ್ದೇನೆ.

ಅಜ್ಜಿಗೆ ಗೆದ್ದ ಖುಷಿ ಇತ್ತು, ಅದನ್ನು ಮುಚ್ಚಿಡುತ್ತಿರಲಿಲ್ಲ. ಬಳ್ಳಾರಿ ಕೈಬಿಟ್ಟು ಹೋಗಿದ್ದರೆ ನಿಮ್ಮಪ್ಪ ಕನ್ನಡ ಶಾಲೆಗೆ ಹೋಗುತ್ತಿದ್ದನೇ ಎಂದು ಕೇಳುತ್ತಿದ್ದಳು. ಅದೇ ಉಸಿರಿನಲ್ಲಿ ತಮ್ಮನ ಮಕ್ಕಳ ವಿಷಯ ಬರುತ್ತಿತ್ತು. ಮನೆಯಲ್ಲಿ ಕನ್ನಡವೇ ಆಡುತ್ತಿದ್ದ ಆ ಮಕ್ಕಳು ಶಾಲೆಯಲ್ಲಿ ಕಲಿತದ್ದು ತೆಲುಗು. ದೊಡ್ಡತ್ತೆಗೆ ಕಾಗದ ಬರೆಯಲು ಕೂತರೆ ಅವರಿಗೆ ಬರುತ್ತಿದ್ದದ್ದು ಆ ಅಕ್ಷರ, ಹೇಳಬೇಕಿದ್ದದ್ದು ಈ ಮಾತು. ಹಾಗಾಗಿ ಅಜ್ಜಿಯ ಟ್ರಂಕಿನಲ್ಲಿ ಉಳಿದ ಇನ್‌ಲ್ಯಾಂಡ್ ಲೆಟರುಗಳೆಲ್ಲ ತೆಲುಗು ಲಿಪಿಯಲ್ಲಿ ಬರೆದ ಕನ್ನಡ. ಮಳೆ ಬಂತು, ಎಮ್ಮೆ ಈಯಿತು, ಉಗಾದಿಗೆ ಬಾ ಅತ್ತೆ, ಬಸ್ಸು ಈಗ ಗಡಿಯಲ್ಲಿ ಬದಲಾಯಿಸಬೇಕು. ತಲೆಕಟ್ಟು ಒಂದಿಷ್ಟು ಬೇರೆ, ಉಳಿದದ್ದು ಹೆಚ್ಚುಕಡಿಮೆ ಒಂದೇ. ನಾನು ತೆಲುಗು ಕಲಿತವಳಲ್ಲ, ಆದರೂ ಸ್ವಲ್ಪ ತಡವರಿಸಿ ಅವನ್ನು ಪೂರ್ತಿ ಓದಬಲ್ಲೆ.