ಮನೆಯ ಸಂಗೀತಕ್ಕೆ ಎಷ್ಟು ವಾಟ್?

ರೇಡಿಯೋ ಇರುವ ಮನೆಯವರು ಒಂದಲ್ಲ ಒಂದು ದಿನ ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಇದು. ಮನೆಯಲ್ಲಿ ರೇಡಿಯೋ ಇದೆ, ಹಾಡಿನ ಪ್ಲೇಟುಗಳನ್ನು ನುಡಿಸುವ ಯಂತ್ರವಿದೆ, ಒಂದು ಜೊತೆ ಒಳ್ಳೆಯ ಲೌಡ್‌ಸ್ಪೀಕರುಗಳನ್ನು ಕೊಳ್ಳುವ ಆಸೆಯೂ ಇದೆ. ಇವುಗಳ ನಡುವೆ ನಿಲ್ಲಬೇಕಾದ ಪವರ್ ಆಂಪ್ಲಿಫೈಯರು ಯಾವುದಾಗಬೇಕು? ಅಂಗಡಿಯವರು ಒಂದರ ಮೇಲೆ ನೂರು ವಾಟ್ ಎಂದೂ ಇನ್ನೊಂದರ ಮೇಲೆ ಇನ್ನೂರು ವಾಟ್ ಎಂದೂ ಅಚ್ಚಾಗಿರುವುದನ್ನು ತೋರಿಸುತ್ತಾರೆ. ವಾಟ್ ಹೆಚ್ಚಾದಷ್ಟೂ ಯಂತ್ರ ಒಳ್ಳೆಯದಿರಬೇಕೆಂದು ಯಾರಿಗಾದರೂ ತೋರುವುದು ಸಹಜವೇ. ಈ ಎಣಿಕೆ ಎಲ್ಲಿಂದ ಬಂದಿತು, ಹಿಂದಿನವರು ಆಂಪ್ಲಿಫೈಯರಿನಲ್ಲಿ ಯಾವ ಗುಣವನ್ನು ನೋಡುತ್ತಿದ್ದರು ಎಂಬುದನ್ನು ಸ್ವಲ್ಪ ವಿಚಾರಿಸಿಕೊಂಡು ಹೋದರೆ ನಿಮ್ಮ ಹಣದಲ್ಲಿ ಒಂದು ಪಾಲು ಉಳಿಯಬಹುದು.

ಮೊದಲು ಈ ಯಂತ್ರ ಮಾಡುವ ಕೆಲಸವನ್ನು ತಿಳಿಯೋಣ. ಪ್ಲೇಟಿನ ಮೇಲೆ ಓಡುವ ಮುಳ್ಳು ಹುಟ್ಟಿಸುವ ವಿದ್ಯುತ್ತು ಅತ್ಯಲ್ಪವಾದದ್ದು. ಸ್ಪೀಕರಿನ ಕಾಗದದ ಶಂಕುವನ್ನು ಅಲುಗಿಸುವ ಶಕ್ತಿ ಅದಕ್ಕಿಲ್ಲ. ಆಂಪ್ಲಿಫೈಯರು ಆ ಅಲ್ಪವನ್ನೇ ಹಿಗ್ಗಿಸುತ್ತದೆಂದು ಹೇಳುವುದು ರೂಢಿ. ನಿಜವಾಗಿ ಅದು ಗೋಡೆಯ ಪ್ಲಗ್ಗಿನಿಂದ ಬರುವ ಬಲವಾದ ವಿದ್ಯುತ್ತನ್ನು ಆ ಅಲ್ಪ ಸಂಕೇತದ ಏರಿಳಿತಕ್ಕೆ ಸರಿಯಾಗಿ ಬಿಡುತ್ತದೆ. ಕೆರೆಯ ತೂಬಿನ ಬಳಿ ನಿಂತ ನೀರುಗಂಟಿ ತಾನು ನೀರು ಹೊರುವುದಿಲ್ಲ. ಅವನ ಕೈ ಏರಿ ಇಳಿದಂತೆ ಕೆರೆಯ ನೀರು ಹೆಚ್ಚು ಕಡಮೆಯಾಗಿ ಹರಿಯುತ್ತದೆ, ಅಷ್ಟೆ. ಹೀಗೆ ಹರಿಯಬಿಡುವಾಗ ಮೂಲದ ಏರಿಳಿತ ಎಷ್ಟು ಕೆಡದೆ ಉಳಿಯಿತು ಎಂಬುದು ಯಂತ್ರದ ಶುದ್ಧಿ. ಒಟ್ಟು ಎಷ್ಟು ಹರಿಯಬಲ್ಲದು ಎಂಬುದು ಅದರ ವಾಟ್. ಮನೆಯ ಆಂಪ್ಲಿಫೈಯರಿನ ಇತಿಹಾಸವೆಲ್ಲ ಈ ಎರಡರ ನಡುವೆಯೇ ನಡೆದಿದೆ.

ಶುದ್ಧಿಯ ಚಿಂತೆ ಮೊದಲು ಹುಟ್ಟಿದ್ದು ಸಂಗೀತಗಾರರಿಗಲ್ಲ, ಟೆಲಿಫೋನಿನವರಿಗೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮೂರು ಅಂಗಗಳ ವಾಲ್ವನ್ನು ಮಾಡಿದರು. ಟೆಲಿಫೋನ್ ಕಂಪನಿಯ ಎಂಜಿನಿಯರುಗಳು ಅದನ್ನು ತಿದ್ದಿ ತೀಡಿ ತಂತಿಯ ದಾರಿಯುದ್ದಕ್ಕೂ ಅಲ್ಲಲ್ಲಿ ನಿಲ್ಲಿಸಿದರು. 1915ರಲ್ಲಿ ನ್ಯೂಯಾರ್ಕಿನವರು ಸ್ಯಾನ್ ಫ್ರಾನ್ಸಿಸ್ಕೋದವರೊಡನೆ ಮಾತನಾಡುವುದು ಸಾಧ್ಯವಾಯಿತು. ಆದರೆ ಪ್ರತಿಯೊಂದು ಆಂಪ್ಲಿಫೈಯರೂ ಧ್ವನಿಗೆ ತನ್ನದೊಂದಿಷ್ಟು ವಿಕಾರವನ್ನು ಸೇರಿಸುತ್ತಿತ್ತು. ಬಾಯಿಂದ ಬಾಯಿಗೆ ಹೋದ ಸುದ್ದಿಯ ಗತಿ ನಿಮಗೆ ಗೊತ್ತೇ ಇದೆ. ಒಂದೇ ತಂತಿಯ ಮೇಲೆ ಅನೇಕ ಸಂಭಾಷಣೆಗಳನ್ನು ಸಾಗಿಸಬೇಕಾದಾಗಲಂತೂ ಇದು ಸಹಿಸಲಾಗದ ಮಾತಾಯಿತು.

ಪರಿಹಾರ ಹೊಳೆದದ್ದು ಹೆರಾಲ್ಡ್ ಬ್ಲಾಕ್ ಎಂಬ ತರುಣ ಎಂಜಿನಿಯರಿಗೆ, 1927ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಹಡ್ಸನ್ ನದಿಯನ್ನು ದಾಟುವ ದೋಣಿಯಲ್ಲಿ ಕಚೇರಿಗೆ ಹೋಗುತ್ತಿದ್ದಾಗ. ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹಾಳೆಯ ಮೇಲೆಯೇ ಅವರು ನಕ್ಷೆಯನ್ನು ಗೀಚಿಕೊಂಡರು. ಹೊರಗೆ ಬಂದ ಧ್ವನಿಯಲ್ಲಿ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಗೆ ಹೋಗುವ ಧ್ವನಿಗೆ ವಿರುದ್ಧವಾಗಿ ನಿಲ್ಲಿಸಿದರೆ ಯಂತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಹೀಗೆ ಮಾಡುವುದರಿಂದ ವರ್ಧನೆ ಬಹಳಷ್ಟು ಕಡಮೆಯಾಗುತ್ತದೆ. ವಿಕಾರವೂ ಅದೇ ಪ್ರಮಾಣದಲ್ಲಿ ಕಡಮೆಯಾಗುತ್ತದೆ. ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಬೇಕೆಂದೇ ಕಳೆದುಕೊಳ್ಳುವ ಈ ಯುಕ್ತಿಯನ್ನು ಆಗಿನವರು ಸುಲಭವಾಗಿ ನಂಬಲಿಲ್ಲ. ಬ್ರಿಟನ್ನಿನ ಪೇಟೆಂಟ್ ಕಚೇರಿ ತಮ್ಮ ಅರ್ಜಿಯನ್ನು ನಿರಂತರ ಚಲನಯಂತ್ರದವರ ಅರ್ಜಿಯಂತೆ ನೋಡಿತೆಂದು ಬ್ಲಾಕ್ ಮುಂದೆ ಬರೆದರು. ಅಮೆರಿಕದಲ್ಲಿಯೂ ಪೇಟೆಂಟ್ ದೊರೆತದ್ದು 1937ರಲ್ಲಿ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರು. ಇಂದು ಅಂಗಡಿಯಲ್ಲಿ ನೀವು ನೋಡುವ ಬಹುಪಾಲು ಆಂಪ್ಲಿಫೈಯರುಗಳ ಹೊಟ್ಟೆಯಲ್ಲಿ ಅದೇ ಇದೆ.

ಮನೆಗಳಿಗೆ ಇದು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಆ ಕಾಲದ ರೇಡಿಯೋ ಪೆಟ್ಟಿಗೆಯ ಕೊನೆಯ ವಾಲ್ವು ಮೂರು ನಾಲ್ಕು ವಾಟ್ ಕೊಡುತ್ತಿತ್ತು. ಅಷ್ಟರಲ್ಲಿ ವಠಾರದವರೆಲ್ಲ ವಾರ್ತೆ ಕೇಳುತ್ತಿದ್ದರು. ಅರಗಿನ ಪ್ಲೇಟುಗಳ ಸರಸರ ಶಬ್ದವೇ ಅಷ್ಟಿರುವಾಗ ಆಂಪ್ಲಿಫೈಯರಿನ ವಿಕಾರವನ್ನು ವಿಚಾರಿಸುವವರು ಯಾರು? ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಪ್ಲೇಟುಗಳ ಗುಣ ಹೆಚ್ಚಿತು, ಕೇಳುವವರ ಕಿವಿಯೂ ಸೂಕ್ಷ್ಮವಾಯಿತು. ನೂರರಲ್ಲಿ ಒಂದೆರಡು ಪಾಲು ವಿಕಾರವಿದ್ದರೂ ಒಳ್ಳೆಯ ಯಂತ್ರವೆಂದು ಎಣಿಸುತ್ತಿದ್ದ 1945ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಲೀಕ್ ಸಾವಿರದಲ್ಲಿ ಒಂದು ಪಾಲು ಮಾತ್ರ ವಿಕಾರವಿರುವ ಆಂಪ್ಲಿಫೈಯರನ್ನು ಹೊರತಂದು, ಆ ಅಂಕಿಯನ್ನೇ ಅದಕ್ಕೆ ಹೆಸರಾಗಿಟ್ಟರು: 'ಪಾಯಿಂಟ್ ಒನ್'.

ಅದನ್ನು ಸಾಮಾನ್ಯರ ಕೈಗೆ ತಂದವರು ಡಿ. ಟಿ. ಎನ್. ವಿಲಿಯಮ್‌ಸನ್. ಎಡಿನ್‌ಬರೋದ ಈ ಎಂಜಿನಿಯರಿಗೆ ಆಗ ಇಪ್ಪತ್ತನಾಲ್ಕು ವರ್ಷ ತುಂಬಿತ್ತೋ ಇಲ್ಲವೋ. 1947ರ ಏಪ್ರಿಲ್ ಮತ್ತು ಮೇ ತಿಂಗಳ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅವರು ತಮ್ಮ ಆಂಪ್ಲಿಫೈಯರಿನ ನಕ್ಷೆ, ಭಾಗಗಳ ಅಳತೆ, ಟ್ರಾನ್ಸ್‌ಫಾರ್ಮರನ್ನು ಸುತ್ತುವ ಕ್ರಮ, ಎಲ್ಲವನ್ನೂ ಬಿಡಿಸಿ ಬರೆದರು. ಶಕ್ತಿ 15 ವಾಟ್. ವಿಕಾರ ಸಾವಿರದಲ್ಲಿ ಒಂದು ಪಾಲು. ಇದರ ಮರ್ಮವಿದ್ದದ್ದು ಕೊನೆಯ ಟ್ರಾನ್ಸ್‌ಫಾರ್ಮರಿನಲ್ಲಿ. ಫೀಡ್‌ಬ್ಯಾಕನ್ನು ಅದರ ಆಚೆಯಿಂದ ತರಬೇಕಾಗಿದ್ದುದರಿಂದ, ಕಿವಿಗೆ ಕೇಳಿಸದಷ್ಟು ಕೆಳಗಿನ ಹಾಗೂ ಮೇಲಿನ ಸ್ವರಗಳಲ್ಲಿಯೂ ಆ ಟ್ರಾನ್ಸ್‌ಫಾರ್ಮರು ನೆಟ್ಟಗೆ ನಡೆದುಕೊಳ್ಳಬೇಕಾಗಿತ್ತು. ಇಲ್ಲವಾದರೆ ತಿದ್ದಬೇಕಾದ ಫೀಡ್‌ಬ್ಯಾಕೇ ಯಂತ್ರವನ್ನು ಊಳಿಡಿಸುತ್ತಿತ್ತು. ಲೇಖನವನ್ನು ಓದಿದ ಹವ್ಯಾಸಿಗಳು ದೇಶದೇಶಗಳಲ್ಲಿ ತಗಡನ್ನು ಕೊರೆದು, ತಂತಿಯನ್ನು ಬೆಸೆದು ಈ ಆಂಪ್ಲಿಫೈಯರನ್ನು ಕಟ್ಟಿಕೊಂಡರು. ಕಂಪನಿಗಳೂ ಅದನ್ನೇ ಅನುಸರಿಸಿದವು. ಒಬ್ಬರ ಬರೆವಣಿಗೆಯಿಂದ ಇಷ್ಟು ಮನೆಗಳ ಸಂಗೀತ ತಿಳಿಯಾದದ್ದು ಅಪರೂಪದ ಸಂಗತಿಯೆಂದೇ ನನ್ನ ಎಣಿಕೆ. ವಿಲಿಯಮ್‌ಸನ್ ಮುಂದೆ ಕಾರ್ಖಾನೆಗಳ ಸ್ವಯಂಚಾಲಿತ ಯಂತ್ರಗಳ ಕಡೆಗೆ ತಿರುಗಿ, ಅಲ್ಲಿಯೂ ಹೆಸರು ಗಳಿಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆಗಿನ ಅತ್ಯುತ್ತಮ ಯಂತ್ರಕ್ಕೆ 15 ವಾಟ್ ಸಾಕಾಗಿತ್ತು. 1953ರಲ್ಲಿ ಪೀಟರ್ ವಾಕರ್ ಅವರು ಹೊರತಂದ 'ಕ್ವಾಡ್ ಎರಡು' ಸಹ 15 ವಾಟಿನದೇ. 1954ರಲ್ಲಿ ಮಲ್ಲಾರ್ಡ್ ಕಂಪನಿ ಹವ್ಯಾಸಿಗಳಿಗೆಂದು ಪ್ರಕಟಿಸಿದ 'ಐದು-ಹತ್ತು' ಎಂಬುದಕ್ಕೆ ಐದು ವಾಲ್ವು, ಹತ್ತು ವಾಟ್. ಹಾಗಾದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹತ್ತು ನೂರಾದದ್ದು ಏಕೆ? ನಮ್ಮ ಕಿವಿಗಳೇನೂ ಮಂದವಾಗಲಿಲ್ಲ. ಸ್ಪೀಕರ್ ಪೆಟ್ಟಿಗೆ ಚಿಕ್ಕದಾಯಿತು.

ಹಿಂದಿನ ಒಳ್ಳೆಯ ಸ್ಪೀಕರ್ ಎಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಅಮೆರಿಕದ ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ಮಾಡಿದ ಕಹಳೆಯ ಸ್ಪೀಕರು ಕೋಣೆಯ ಮೂಲೆಯನ್ನೇ ನುಂಗುತ್ತಿತ್ತು. ಆದರೆ ಒಂದೆರಡು ವಾಟಿಗೆ ಮನೆ ತುಂಬ ಮೊಳಗುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಆಳವಾದ ಮಂದ್ರವನ್ನು ಹೊರಡಿಸಿ ತೋರಿಸಿದರು. 1958ರ ಹೊತ್ತಿಗೆ ಸ್ಟೀರಿಯೋ ಪ್ಲೇಟುಗಳು ಬಂದು, ಒಂದಿದ್ದ ಕಡೆ ಎರಡು ಸ್ಪೀಕರುಗಳು ಬೇಕಾದವು. ಎರಡು ಬೀರುಗಳಿಗೆ ಎಡೆಯೆಲ್ಲಿ? ಮನೆಯೊಡತಿಯರು ಸಣ್ಣ ಪೆಟ್ಟಿಗೆಯ ಪಕ್ಷವನ್ನೇ ಹಿಡಿದಿರಬೇಕು. ಆದರೆ ಪ್ರಕೃತಿ ಇದಕ್ಕೆ ಬೆಲೆ ಕೇಳುತ್ತದೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಅಲ್ಪ ಶಕ್ತಿಗೆ ಗಟ್ಟಿ ಧ್ವನಿ, ಈ ಮೂರರಲ್ಲಿ ಎರಡು ದೊರೆತರೆ ಮೂರನೆಯದನ್ನು ಬಿಡಬೇಕು. ಬಿಟ್ಟದ್ದನ್ನು ಆಂಪ್ಲಿಫೈಯರು ತುಂಬಿಕೊಡಬೇಕಾಯಿತು.

ಎಷ್ಟು ತುಂಬಬೇಕೆಂಬ ಲೆಕ್ಕ ಕಷ್ಟದ್ದಲ್ಲ. ಸ್ಪೀಕರಿಗೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ ಧ್ವನಿಯನ್ನು ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ. ಅದು ಸ್ಪೀಕರಿನ ಜೊತೆ ಬರುವ ಕಾಗದದಲ್ಲಿಯೇ ಇರುತ್ತದೆ. ಈ ಅಂಕಿ 3 ಡೆಸಿಬೆಲ್ ಕಡಮೆಯಾದರೆ ಅಷ್ಟೇ ಧ್ವನಿಗೆ ಎರಡರಷ್ಟು ವಾಟ್ ಬೇಕು. 10 ಕಡಮೆಯಾದರೆ ಹತ್ತರಷ್ಟು. 100 ಡೆಸಿಬೆಲ್ಲಿನ ಕಹಳೆಗೆ ಎರಡು ವಾಟ್ ಸಾಕಾದ ಕಡೆ 85 ಡೆಸಿಬೆಲ್ಲಿನ ಪುಟ್ಟ ಪೆಟ್ಟಿಗೆಗೆ ಅರುವತ್ತಕ್ಕೂ ಮೇಲೆ ಬೇಕಾಗುತ್ತದೆ. ಕಿವಿಯ ಲೆಕ್ಕವೂ ಹೀಗೆಯೇ. 50 ವಾಟನ್ನು ಬಿಟ್ಟು 100 ವಾಟಿನದನ್ನು ತಂದರೆ ಧ್ವನಿ ಎರಡರಷ್ಟಾಗುವುದಿಲ್ಲ. ಸ್ವಲ್ಪ ಗಟ್ಟಿಯಾದಂತೆ ತೋರುತ್ತದೆ, ಅಷ್ಟೆ. ಎರಡರಷ್ಟು ಗಟ್ಟಿಯೆಂದು ಕಿವಿ ಒಪ್ಪಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. ಐವತ್ತಕ್ಕೂ ನೂರಕ್ಕೂ ನಡುವಣ ಬೆಲೆಯನ್ನು ತೆರುವ ಮುನ್ನ ಇದನ್ನು ನೆನೆಯಿರಿ.

ಇನ್ನು ನಮ್ಮ ಮನೆಗಳ ಮಾತು. ಈಗಿನ ಸಾಧಾರಣ ಸ್ಪೀಕರು 87 ಡೆಸಿಬೆಲ್ ಆಸುಪಾಸಿನದು. ನಡುಮನೆಯಲ್ಲಿ ಹತ್ತಡಿ ದೂರ ಕುಳಿತು ಸಂಜೆಯ ಹೊತ್ತು ಸಂಗೀತ ಕೇಳುವಾಗ ಅದು ಸರಾಸರಿ ಒಂದು ವಾಟಿನ ಹತ್ತನೆಯ ಒಂದು ಪಾಲನ್ನು ಮಾತ್ರ ಉಪಯೋಗಿಸುತ್ತಿರುತ್ತದೆ. ಇದು ಅನೇಕರಿಗೆ ನಂಬಿಕೆಯಾಗದು. ಆದರೆ ತನಿಯಾವರ್ತನದಲ್ಲಿ ಮೃದಂಗದ ಪೆಟ್ಟು ಬಿದ್ದಾಗ ಆ ಕ್ಷಣಕ್ಕೆ ಸರಾಸರಿಯ ನೂರರಷ್ಟು, ಅಂದರೆ ಹತ್ತು ವಾಟ್ ಬೇಕಾಗಬಹುದು. ಅಷ್ಟನ್ನು ಕೊಡಲಾರದ ಆಂಪ್ಲಿಫೈಯರು ಅಲೆಯ ತುದಿಯನ್ನು ಕತ್ತರಿಸಿಬಿಡುತ್ತದೆ. ಪೆಟ್ಟು ಒಡಕಲಾಗಿ ಕೇಳುತ್ತದೆ. ಹೀಗೆ ಕತ್ತರಿಸುತ್ತಲೇ ಬಹಳ ಹೊತ್ತು ನುಡಿಸಿದರೆ ಸ್ಪೀಕರಿನ ತಾರಸ್ವರದ ಭಾಗ ಸುಟ್ಟುಹೋಗುವುದೂ ಉಂಟು. ಆದ್ದರಿಂದ ಒಂದಿಷ್ಟು ಮೀಸಲು ಇರಲೇಬೇಕು. ಮಧ್ಯಮ ಗಾತ್ರದ ಕೋಣೆಗೆ ಮೂವತ್ತರಿಂದ ಐವತ್ತು ನಿಜವಾದ ವಾಟ್ ಇದ್ದರೆ ಧಾರಾಳವಾಯಿತು. ಮದುವೆ ಮನೆಯ ಚಪ್ಪರಕ್ಕೆ ಬೇಕಾದುದು ಬೇರೆ, ನಡುಮನೆಗೆ ಬೇಕಾದುದು ಬೇರೆ.

'ನಿಜವಾದ' ಎಂದೆನಷ್ಟೆ. ಅದರ ಹಿಂದೆಯೂ ಒಂದು ಚರಿತ್ರೆಯಿದೆ. ಟ್ರಾನ್ಸಿಸ್ಟರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ವಿಲಿಯಮ್‌ಸನ್ನರ ಲೇಖನದ ವರ್ಷದಲ್ಲಿಯೇ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಕೈಹಾಕಿ, ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಕಡೆಗೂ ನಡೆಯಿತು. ಒಂದು ಯುಗ ಇನ್ನೊಂದನ್ನು ಎಷ್ಟು ಬೇಗ ತುಳಿದುಕೊಂಡು ಬಂದಿತೆಂಬುದನ್ನು ಇದೇ ತೋರಿಸುತ್ತದೆ. ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಿಗೆ ಒಳ್ಳೆಯ ಹೆಸರಿರಲಿಲ್ಲ. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನ ಅರ್ಧವನ್ನು ಇನ್ನೊಂದೂ ನಡೆಸುವಾಗ ಕೈಬದಲಾಯಿಸುವ ಜಾಗದಲ್ಲಿ ಎಡವುತ್ತಿದ್ದವು. ಆ ವಿಕಾರ ಮೆಲುದನಿಯಲ್ಲಿಯೇ ಹೆಚ್ಚು ಕೇಳುತ್ತಿದ್ದುದರಿಂದ, ಕಾಗದದ ಮೇಲಿನ ಅಂಕಿ ಚೆನ್ನಾಗಿದ್ದರೂ ಕಿವಿಗೆ ಹಿಡಿಸುತ್ತಿರಲಿಲ್ಲ. ಬರಬರುತ್ತಾ ಅದನ್ನು ಸರಿಪಡಿಸಿದರು. ಭಾರವಾದ ಟ್ರಾನ್ಸ್‌ಫಾರ್ಮರು ಹೋಯಿತು, ವಾಟ್ ಅಗ್ಗವಾಯಿತು.

ಅಗ್ಗವಾದದ್ದೇ ಜಾಹೀರಾತಿನವರ ಬಂಡವಾಳವಾಯಿತು. ಕಣ್ಣುಮಿಟುಕುವಷ್ಟರಲ್ಲಿ ಮುಗಿಯುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿದು ದೊಡ್ಡ ದೊಡ್ಡ ಅಂಕಿಗಳನ್ನು ಅಚ್ಚುಮಾಡಿದರು. ಕಡೆಗೆ 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮವನ್ನೇ ತರಬೇಕಾಯಿತು: ಎಡೆಬಿಡದೆ ಕೊಡಬಲ್ಲ ಶಕ್ತಿ ಎಷ್ಟು, ಎಷ್ಟು ಓಮ್ ಸ್ಪೀಕರಿಗೆ, ಯಾವ ಸ್ವರದಿಂದ ಯಾವ ಸ್ವರದವರೆಗೆ, ಎಷ್ಟು ವಿಕಾರದೊಡನೆ ಎಂಬುದನ್ನು ಹೇಳಿ ಮಾರಬೇಕೆಂದು. ನಮ್ಮ ಪೇಟೆಯಲ್ಲಿ 'ಪಿ.ಎಂ.ಪಿ.ಓ.' ಎಂಬ ಅಕ್ಷರಗಳನ್ನು ಹೊತ್ತು, ಅಂಗೈಯಗಲದ ಪೆಟ್ಟಿಗೆಗಳ ಮೇಲೂ ಸಾವಿರ ವಾಟ್ ಎಂದು ಕುಳಿತ ಅಂಕಿ ನಿಮಗೆ ನೆನಪಿರಬಹುದು. ಒಳಗೆ ಬಾರದ ಶಕ್ತಿ ಹೊರಗೆ ಬರುವುದಾದರೂ ಹೇಗೆ? ಯಂತ್ರದ ಬೆನ್ನಿನ ತಗಡಿನ ಮೇಲೆ ಅದು ಎಳೆಯುವ ವಿದ್ಯುತ್ತನ್ನು ಬರೆದಿರುತ್ತಾರೆ. ಅದು 30 ವಾಟ್ ಎಂದಿದ್ದರೆ ಮುಂದಿನ ಸಾವಿರವನ್ನು ನೀವು ಮರೆಯಬಹುದು.

ಶುದ್ಧಿಯ ವಿಷಯದಲ್ಲಿ ಇನ್ನೂ ಜಗಳ ಮುಗಿದಿಲ್ಲ. ವಾಲ್ವಿನ ಧ್ವನಿಯೇ ಮಧುರವೆನ್ನುವವರೂ ಟ್ರಾನ್ಸಿಸ್ಟರೇ ಸತ್ಯವೆನ್ನುವವರೂ ಇಂದಿಗೂ ಇದ್ದಾರೆ. ಇವರಿಗಾಗಿ ನಡೆದ ಒಂದು ಪರೀಕ್ಷೆಯನ್ನು ಹೇಳುವೆನು. ಜೇಮ್ಸ್ ಮೋಯರ್ ಎಂಬ ಧ್ವನಿತಜ್ಞರು ಒಂದೇ ಕಂಪನಿಯ ಮೂರು ಆಂಪ್ಲಿಫೈಯರುಗಳನ್ನು ತೆಗೆದುಕೊಂಡರು: 1953ರ ವಾಲ್ವಿನ 'ಕ್ವಾಡ್ ಎರಡು', 1967ರ ಟ್ರಾನ್ಸಿಸ್ಟರಿನ 'ಕ್ವಾಡ್ 303', 1975ರ 100 ವಾಟಿನ 'ಕ್ವಾಡ್ 405'. ಯಾವುದು ನುಡಿಯುತ್ತಿದೆಯೆಂದು ತಿಳಿಸದೆ, ಯಾವುದನ್ನೂ ಅದರ ಶಕ್ತಿ ಮೀರಿ ದುಡಿಸದೆ, ಪಳಗಿದ ಕಿವಿಯವರ ಮುಂದೆ ನುಡಿಸಿದರು. ಫಲಿತಾಂಶ 1978ರ ಜುಲೈ ತಿಂಗಳ 'ವೈರ್‌ಲೆಸ್ ವರ್ಲ್ಡ್'ನಲ್ಲಿ ಪ್ರಕಟವಾಯಿತು. ಕೇಳಿದವರ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಿರಲಿಲ್ಲ. ಪರೀಕ್ಷೆಗೆ ಹಣ ಕೊಟ್ಟವರು ಆ ಕಂಪನಿಯವರೇ ಎಂಬುದನ್ನೂ ಹೇಳಬೇಕಾದದ್ದು ನ್ಯಾಯ. ಆದರೂ ತಮ್ಮ ಹೊಸ ಮಾಲು ಇಪ್ಪತ್ತೆರಡು ವರ್ಷದ ಹಳೆಯದಕ್ಕಿಂತ ಚೆನ್ನಾಗಿ ಕೇಳುತ್ತದೆಂದು ಹೇಳಿಕೊಳ್ಳಲಾಗದ ಫಲಿತಾಂಶವನ್ನು ಮರೆಮಾಚದೆ ಬಿಟ್ಟರಲ್ಲ, ಅದನ್ನು ಮೆಚ್ಚಬೇಕು.

ಆದಕಾರಣ ಸ್ಪೀಕರನ್ನು ಮೊದಲು ಆರಿಸಿರಿ. ಮನೆಯಲ್ಲಿ ಅದನ್ನು ಇಡುವ ಜಾಗವನ್ನು ಅದಕ್ಕೂ ಮೊದಲು. ಅದರ ಡೆಸಿಬೆಲ್ಲನ್ನೂ ಓಮನ್ನೂ ಬರೆದುಕೊಂಡು ಆಂಪ್ಲಿಫೈಯರಿನ ಅಂಗಡಿಗೆ ಹೋಗಿರಿ. ಕೈಯಲ್ಲಿರುವ ಸ್ಪೀಕರು 95 ಡೆಸಿಬೆಲ್ ಮೀರಿದ್ದಾದರೆ ಹತ್ತು ವಾಟಿನ ವಾಲ್ವ್ ಆಂಪ್ಲಿಫೈಯರೂ ನಡೆದೀತು. ಒಳಗೆ ನಾನೂರು ವೋಲ್ಟ್ ಓಡಾಡುತ್ತಿರುತ್ತದೆ, ಮಕ್ಕಳ ಕೈಗೆ ಸಿಗದಂತಿಡಿ. ಬೇಸಿಗೆಯಲ್ಲಿ ಯಂತ್ರದ ಸೆಕೆಯನ್ನೂ ಸಹಿಸಲೊಲ್ಲದವರಿಗೆ ಈಗ 'ಡಿ' ವರ್ಗದವು ಬಂದಿವೆ. ಎಳೆದ ವಿದ್ಯುತ್ತಿನ ಬಹುಪಾಲನ್ನು ಸ್ಪೀಕರಿಗೇ ಕಳುಹಿಸಿ ತಾವು ತಣ್ಣಗಿರುತ್ತವೆ. ಪಡಸಾಲೆಗೊಂದು, ಅಡುಗೆಮನೆಗೊಂದು ಎಂದು ಎರಡು ಜೊತೆ ಸ್ಪೀಕರುಗಳನ್ನು ಒಂದೇ ಆಂಪ್ಲಿಫೈಯರಿಗೆ ಅಕ್ಕಪಕ್ಕ ಜೋಡಿಸುವ ಆಲೋಚನೆಯಿದ್ದರೆ, 8 ಓಮಿನವು ಎರಡು ಕೂಡಿ 4 ಓಮ್ ಆಗುತ್ತವೆ. ನೀವು ಕೊಳ್ಳುವ ಯಂತ್ರ ಅದನ್ನು ತಾಳುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿರಿ.